ಮೂರನೇ ಸೆಲ್ಲಿಗೆ ಜೊತೆ ಸಿಗದೆ ಚಾರ್ಜರ್ ಬದಲಿಸಿದೆ

ನಮ್ಮ ಟಾರ್ಚಿಗೆ ಮೂರು ಎಎ ಸೆಲ್ ಬೇಕು. ಹಳೆ ಚಾರ್ಜರ್ ಮಾತ್ರ ಎರಡೆರಡು ಹಾಕಿದರಷ್ಟೇ ಕೆಲಸ ಮಾಡುತ್ತಿತ್ತು. ಮೂರನೆಯದಕ್ಕೆ ಜೊತೆಗಿರಲಿ ಅಂತ ಗೋಡೆ ಗಡಿಯಾರದಲ್ಲಿದ್ದ ರೀಚಾರ್ಜ್ ಸೆಲ್ ಕಿತ್ತು ಹಾಕುತ್ತಿದ್ದೆ. ಗಡಿಯಾರ ಅಷ್ಟು ಹೊತ್ತು ನಿಂತಿರುತ್ತಿತ್ತು, ಅದೊಂದು ಬೇರೆ ಗೋಳು.

ಒಂದು ಸಲ ಚಾರ್ಜರಿನಿಂದ ತೆಗೆಯಲು ಹೋದರೆ ಗಡಿಯಾರದ ಸೆಲ್ ಬೆರಳಿಗೆ ಚುರ್ ಅಂತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ತುದಿಯಲ್ಲಿ ಸುರುಟಿಕೊಂಡಿತ್ತು. ಯೋಚಿಸಿದರೆ ಕಾರಣ ಸರಳ. ಜೋಡಿಯ ಎರಡೂ ಸೆಲ್‌ಗಳಲ್ಲಿ ಹರಿಯುವುದು ಒಂದೇ ಕರೆಂಟ್. ಅರ್ಧ ತುಂಬಿದ್ದ ಸೆಲ್ ಬೇಗ ತುಂಬಿತು, ಖಾಲಿಯಿದ್ದದ್ದು ಇನ್ನೂ ಕುಡಿಯುತ್ತಲೇ ಇತ್ತು. ಚಾರ್ಜರ್ ಒಳಗಿದ್ದದ್ದು ಬರೀ ಟೈಮರ್. ಅದಕ್ಕೆ ಗಂಟೆ ಎಣಿಸುವುದು ಗೊತ್ತು, ಸೆಲ್ ತುಂಬಿತಾ ಅಂತ ನೋಡುವುದು ಗೊತ್ತಿಲ್ಲ.

ಹೊಸದು ಕೊಳ್ಳುವಾಗ ಮೊದಲು ನೋಡಿದ್ದು ದೀಪ. ನಾಲ್ಕು ಜಾಗಕ್ಕೆ ಎರಡೇ ದೀಪ ಇದ್ದರೆ ಅದು ಜೋಡಿಯದ್ದೇ ಇರಬೇಕು ಅಂತ ಬದಿಗಿಟ್ಟೆ. ಪ್ರತಿ ಸೆಲ್ಲಿಗೂ ಬೇರೆ ದೀಪ ಇದ್ದದ್ದನ್ನು ಆರಿಸಿ, ಒಂದೇ ಸೆಲ್ ಹಾಕಿ ನೋಡಿದೆ. ಚಾರ್ಜ್ ಆಯಿತು.

ಆಮೇಲೆ ಕರೆಂಟ್. ನಿಧಾನವಾದಷ್ಟೂ ಸೆಲ್ಲಿಗೆ ಒಳ್ಳೆಯದು ಅಂದುಕೊಂಡಿದ್ದೆ, ಅದು ಅರ್ಧ ಮಾತ್ರ ನಿಜ. ನಮ್ಮ ರೀಚಾರ್ಜ್ ಸೆಲ್‌ಗಳು ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು. ಅಂಥ ಸೆಲ್ ತುಂಬಿದಾಗ ಅದರ ವೋಲ್ಟೇಜ್ ಒಂಚೂರು, ಕೆಲವೇ ಮಿಲಿವೋಲ್ಟ್, ಇಳಿಯುತ್ತದೆ. ಹೆಚ್ಚಿನ ಸ್ಮಾರ್ಟ್ ಚಾರ್ಜರ್‌ಗಳು ಆ ಇಳಿತ ನೋಡಿಯೇ ನಿಲ್ಲುತ್ತವೆ. ಕರೆಂಟ್ ತೀರಾ ಕಡಿಮೆಯಿದ್ದರೆ ಆ ಇಳಿತ ಕಾಣಿಸುವುದೇ ಇಲ್ಲ. ಜಾಸ್ತಿ ಇದ್ದರೆ ಬಿಸಿ. 2000 ಎಂಎಎಚ್‌ನ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ನನ್ನ ಎಎ ಸೆಲ್‌ಗಳಿಗೆ 500 ಮಿಲಿಆಂಪಿಯರ್ ಇಟ್ಟಿದ್ದೇನೆ. ಲೆಕ್ಕಕ್ಕೆ ನಾಲ್ಕು ಗಂಟೆ, ಆದರೆ ಒಂದಷ್ಟು ಬಿಸಿಯಾಗಿ ಹೋಗುತ್ತದಲ್ವಾ, ಐದರ ಹತ್ತಿರ ಬೇಕು. ಹಳೆಯದರ 200ಕ್ಕೆ ಇಡೀ ರಾತ್ರಿಯೂ ಸಾಲುತ್ತಿರಲಿಲ್ಲ. ರಿಮೋಟಿನ ಸಣ್ಣ ಎಎಎ ಸೆಲ್ 800 ಎಂಎಎಚ್‌ದು, ಅದಕ್ಕೆ 300 ಸಾಕು. ಈ ಬದಲಾವಣೆಗೆ ಬಟನ್ ಇರುವುದನ್ನೇ ತಂದೆ. ಪರದೆ, ನಂಬರ್ ಎಲ್ಲ ಚೆಂದವೇ, ಆದರೆ ನಾನು ನೋಡುವುದು ಕಡಿಮೆ.

ಲಿಥಿಯಂ ಸೆಲ್ಲನ್ನಾಗಲೀ, ಒಂದು ಸಲ ಬಳಸಿ ಎಸೆಯುವ ಸೆಲ್ಲನ್ನಾಗಲೀ ಈ ಚಾರ್ಜರಿಗೆ ಹಾಕಬಾರದು. ಮನೆಯವರಿಗೂ ಹೇಳಿದ್ದೇನೆ.

ಹೊಸದರ ಮೇಲೂ ಒಂದು ದೂರಿದೆ. ಮಗಳು ಆಟದ ಕಾರನ್ನು ಆಫ್ ಮಾಡದೆ ಬಿಟ್ಟು, ಎರಡು ಸೆಲ್ ಪೂರ್ತಿ ಬರಿದಾಗಿದ್ದವು. ಹಾಕಿದರೆ ಚಾರ್ಜರ್ ಸೆಲ್ ಇದೆ ಅಂತಲೇ ಒಪ್ಪಲಿಲ್ಲ, ಸುಮ್ನೆ ಕೆಂಪು ದೀಪ ಮಿಟುಕಿಸಿತು. ಹಳೆ ಚಾರ್ಜರನ್ನು ಅಟ್ಟದಿಂದ ಇಳಿಸಿ, ಎರಡನ್ನೂ ಹತ್ತು ನಿಮಿಷ ಅದರಲ್ಲಿಟ್ಟು, ಪಕ್ಕದಲ್ಲೇ ಕೂತು ಆಗಾಗ ಮುಟ್ಟಿ ನೋಡಿದೆ. ಆಮೇಲೆ ಹೊಸದಕ್ಕೆ ಹಾಕಿದರೆ ತಕ್ಷಣ ಹಸಿರು ದೀಪ ಬಂತು. ಹಳೆಯದನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ, ಡ್ರಾಯರಿನಲ್ಲೇ ಇದೆ.