ಬಿಲ್ಲಿಂಗ್ ಕೌಂಟರಿನಲ್ಲಿ ಯಾರಿಗೆ ಯಾವ ಅಧಿಕಾರ: ಶಿರಸಿಯ ದಿನಸಿ ಅಂಗಡಿಯಲ್ಲಿ ನನ್ನ ಅನುಭವ

ಶಿರಸಿ ಪೇಟೆಯ ನಮ್ಮ ದಿನಸಿ ಅಂಗಡಿಯಲ್ಲಿ ನಾಲ್ಕು ಬಿಲ್ಲಿಂಗ್ ಕೌಂಟರುಗಳಿವೆ. ಕೆಲಸದವರಿಗೆಲ್ಲ ಪ್ರತ್ಯೇಕ ಪಿನ್ ಕೊಟ್ಟು, ಬಿಲ್ ರದ್ದತಿಯಿಂದ ಉದ್ರಿಯವರೆಗೆ ಒಂದೊಂದು ಅಧಿಕಾರವನ್ನೂ ಬಿಡಿಸಿ ಹಂಚುತ್ತೇನೆ ಎಂದಾಗ ಪೇಟೆಯ ಹಿರಿಯ ವ್ಯಾಪಾರಿಯೊಬ್ಬರು, "ಜಾತ್ರೆ ಗದ್ದಲದಲ್ಲಿ ಇದೆಲ್ಲ ನಡೆಯೋದಿಲ್ಲ ಮಾರಾಯ್ರೇ, ಹುಡುಗರು ಬಿಟ್ಟು ಹೋಗ್ತಾರೆ" ಎಂದಿದ್ದರು. 2024ರ ಮಾರಿಕಾಂಬಾ ಜಾತ್ರೆಯ ಅಷ್ಟೂ ದಿನ ಇದೇ ಪದ್ಧತಿಯಲ್ಲಿ ಬಿಲ್ಲಿಂಗ್ ನಡೆಯಿತು, ಯಾರೂ ಬಿಟ್ಟು ಹೋಗಲಿಲ್ಲ. ಈಗ ಅವರೇ ನಮ್ಮಲ್ಲಿಗೆ ಬಂದು ಸೆಟ್ಟಿಂಗ್ ಬರೆದುಕೊಂಡು ಹೋಗಿದ್ದಾರೆ.

ತಂತ್ರಾಂಶದ ಜೊತೆಗೇ ಬರುವ ಅಡ್ಮಿನ್, ಮ್ಯಾನೇಜರ್, ಕ್ಯಾಷಿಯರ್ ಎಂಬ ಮೂರು ದರ್ಜೆಗಳು ಚಿಲ್ಲರೆ ಅಂಗಡಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗಿರಾಕಿ ಮನಸ್ಸು ಬದಲಿಸಿ ಒಂದು ಸೋಪನ್ನು ಹಿಂದಿಟ್ಟರೂ ಆ ಸಾಲನ್ನು ಅಳಿಸಲು ಮ್ಯಾನೇಜರ್ ಪಾಸ್‌ವರ್ಡ್ ಬೇಕಾಗುತ್ತಿತ್ತು. ದಿನಕ್ಕೆ ನೂರಾರು ಬಾರಿ ಒತ್ತಬೇಕಾದ ಪಾಸ್‌ವರ್ಡ್ ಗುಟ್ಟಾಗಿ ಉಳಿಯಲು ಸಾಧ್ಯವೇ ಇಲ್ಲ. ವಾರ ಕಳೆಯುವುದರೊಳಗೆ ಅದು ನಾಲ್ಕೂ ಕೌಂಟರುಗಳಿಗೆ ಬಾಯಿಪಾಠವಾಗಿತ್ತು. ಆಗ ಗಲ್ಲಾ ತಿಂಗಳಿಗೆ ಸುಮಾರು ಎಂಟು ಸಾವಿರ ರೂಪಾಯಿ ಕಡಿಮೆ ಬರುತ್ತಿತ್ತು, ಯಾರ ಕೌಂಟರಿನಲ್ಲಿ ಎಂದು ಹೇಳಲು ದಾಖಲೆಯಲ್ಲಿ ಏನೂ ಸಿಗುತ್ತಿರಲಿಲ್ಲ.

ಆದ್ದರಿಂದ ನಾನು ಅಧಿಕಾರವನ್ನು ಹುದ್ದೆಗೆ ಕೊಡದೆ ಕೆಲಸಕ್ಕೆ ಕೊಟ್ಟೆ. ಹಣ ಪಡೆಯುವ ಮೊದಲು ಸಾಲು ಅಳಿಸಲು, ಪ್ರಮಾಣ ಬದಲಿಸಲು ಪ್ರತಿ ಕ್ಯಾಷಿಯರ್‌ಗೂ ಪೂರ್ಣ ಸ್ವಾತಂತ್ರ್ಯವಿದೆ. ಹಣ ಪಡೆದ ಮೇಲೆ ಬಿಲ್ ರದ್ದು ಮಾಡಲು ಮಾತ್ರ ಇನ್ನೊಬ್ಬರ ಪಿನ್ ಬೇಕು. ಆ ಇನ್ನೊಬ್ಬರು ಅದೇ ಹೊತ್ತಿನಲ್ಲಿ ಯಾವುದೇ ಕೌಂಟರಿನಲ್ಲಿ ಲಾಗಿನ್ ಆಗಿರಬಾರದು. ಇದಾದ ಮೇಲೆ ಪಿನ್ ಕೇಳುವ ಸಂದರ್ಭ ದಿನಕ್ಕೆ ನಾಲ್ಕೈದಕ್ಕೆ ಇಳಿಯಿತು, ಪಿನ್ ಹಂಚಿಕೊಳ್ಳುವ ಅಗತ್ಯವೇ ಉಳಿಯಲಿಲ್ಲ.

ರದ್ದತಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಮರುಮುದ್ರಣಕ್ಕೆ. ಎರಡು ಕಿಲೋ ಸಕ್ಕರೆ, ಒಂದು ಕಿಲೋ ತೊಗರಿಬೇಳೆ ಎಂಬಂತಹ ಖರೀದಿ ದಿನವಿಡೀ ಅದೇ ಮೊತ್ತಕ್ಕೆ ನಡೆಯುತ್ತಿರುತ್ತದೆ. ಬೆಳಿಗ್ಗೆಯ ನಗದು ಬಿಲ್ಲನ್ನು ಸಂಜೆ ಮತ್ತೆ ಮುದ್ರಿಸಿ ಬೇರೊಬ್ಬ ಗಿರಾಕಿಗೆ ಕೊಟ್ಟರೆ ಎರಡನೆಯ ಹಣ ಲೆಕ್ಕಕ್ಕೇ ಬರುವುದಿಲ್ಲ, ಸರಕು ಮಾತ್ರ ಹೊರಗೆ ಹೋಗಿರುತ್ತದೆ. ಸಂಜೆ ಐದರ ಹೊತ್ತಿಗೆ ಗಿರಾಕಿಯೊಬ್ಬರ ಕೈಯಲ್ಲಿದ್ದ ಬಿಲ್ಲಿನಲ್ಲಿ ಬೆಳಗಿನ ಹತ್ತರ ಸಮಯವಿದ್ದುದನ್ನು ಕಂಡ ಮೇಲೆ ನಾನು ಮರುಮುದ್ರಣದ ಅಧಿಕಾರವನ್ನೇ ಕೌಂಟರಿನಿಂದ ತೆಗೆದು ಕಚೇರಿಯ ಕಂಪ್ಯೂಟರಿಗೆ ಒಯ್ದೆ, ಬಿಲ್ಲಿನ ನೆತ್ತಿಯ ಮೇಲೆ "ನಕಲು" ಎಂದು ದಪ್ಪಕ್ಷರದಲ್ಲಿ ಬರುವಂತೆ ಮಾಡಿಸಿದೆ. ತಂತ್ರಾಂಶದವರು ಇದಕ್ಕೆ ಸುಮಾರು ಎರಡೂವರೆ ಸಾವಿರ ತೆಗೆದುಕೊಂಡರು, ಅದು ಮೊದಲ ತಿಂಗಳಲ್ಲೇ ಹುಟ್ಟಿತು.

ಪಿನ್ ಬದಲು ಬೆರಳಚ್ಚು ಇಟ್ಟು ನೋಡಿದ್ದೂ ಉಂಟು. ನಾಲ್ಕು ಕೌಂಟರಿಗೂ ಸೇರಿ ಹತ್ತು ಸಾವಿರದಷ್ಟು ಖರ್ಚಾಯಿತು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಇಬ್ಬರು ಕೆಲಸದವರು ರಾತ್ರಿ ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ) ಮೇಲೆ ಕೂತು ಬಂದಿರುತ್ತಾರೆ. ಅಡಿಕೆಯ ಚೊಗರಿನಿಂದ (ಒಗರು ರಸ) ಕಪ್ಪಾಗಿ ಸೀಳುಬಿಟ್ಟ ಅವರ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಮಳೆಗಾಲದಲ್ಲಿ ಉಳಿದವರದ್ದನ್ನೂ ಗುರುತಿಸಲಿಲ್ಲ. ಅವುಗಳನ್ನು ತೆಗೆದಿಟ್ಟು ಪಿನ್ನಿಗೇ ಮರಳಿದೆವು.

ದರ ಬದಲಿಸುವ ಅಧಿಕಾರ ಜೋನಿ ಬೆಲ್ಲದಂತಹ ಬಿಡಿ ಸಾಮಾನಿಗೆ ಮಾತ್ರ ಇದೆ, ಅದೂ ನೂರಕ್ಕೆ ಐದರೊಳಗೆ. ಉದ್ರಿಯಲ್ಲಿ ಹೆಚ್ಚು ಎಚ್ಚರ ಬೇಕಾಯಿತು. ತೋಟದವರು ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡುವುದು ಈ ಕಡೆಯ ರೂಢಿ, ಅಂಥವರೆದುರು ಕ್ಯಾಷಿಯರ್ "ಇಲ್ಲ" ಎನ್ನಬೇಕಾಗಿ ಬರಬಾರದು. ಪ್ರತಿ ಮನೆಯ ಖಾತೆಗೂ ಒಂದು ಮಿತಿ ಹಾಕಿದ್ದೇನೆ. ಮಿತಿಯೊಳಗೆ ಯಾರು ಬೇಕಾದರೂ ಉದ್ರಿ ಬರೆಯಬಹುದು, ಮೀರಿದರೆ ಒಪ್ಪಿಗೆಯ ಕೋರಿಕೆ ನನ್ನ ಮೊಬೈಲಿಗೆ ಬರುತ್ತದೆ, ಗಿರಾಕಿಗೆ ಅದು ತಿಳಿಯುವುದಿಲ್ಲ. ಆ ಮಿತಿಯನ್ನು ಹೇಗೆ ನಿಗದಿ ಮಾಡುತ್ತೇನೆಂಬುದು ನಮ್ಮ ಅಂಗಡಿಯೊಳಗಿನ ವಿಷಯ, ಅದನ್ನು ಇಲ್ಲಿ ಬರೆಯುವುದಿಲ್ಲ.

ರಾತ್ರಿ ಗಲ್ಲಾ ಎಣಿಸುವಾಗ ಕ್ಯಾಷಿಯರ್‌ಗೆ ಆ ದಿನದ ಒಟ್ಟು ಮೊತ್ತ ಕಾಣುವುದಿಲ್ಲ. ಅವರು ಎಣಿಸಿದ್ದನ್ನು ದಾಖಲಿಸಿದ ಮೇಲೆಯೇ ಅದು ತೆರೆಯುತ್ತದೆ. ವ್ಯತ್ಯಾಸ ಈಗ ತಿಂಗಳಿಗೆ ಆರುನೂರು ಏಳುನೂರರ ಆಚೀಚೆ ಇದೆ, ಅದರಲ್ಲಿ ಹೆಚ್ಚಿನದು ಚಿಲ್ಲರೆ ಕೊಡುವಲ್ಲಿನ ತಪ್ಪು. ಕೆಲಸದವರಿಗೂ ಇದು ಒಳ್ಳೆಯದೇ ಆಯಿತು, ಒಬ್ಬರ ಕೌಂಟರಿನ ಕೊರತೆಗೆ ಇನ್ನೊಬ್ಬರು ತಲೆ ತಗ್ಗಿಸಬೇಕಾಗಿಲ್ಲ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ತುಪ್ಪ ಶೇಕಡಾ 12ರಿಂದ 5ಕ್ಕೆ, ಶಾಂಪೂ ಮತ್ತು ಟೂತ್‌ಪೇಸ್ಟ್ 18ರಿಂದ 5ಕ್ಕೆ ಇಳಿದವು. ತೆರಿಗೆ ದರ ತಿದ್ದುವ ಅಧಿಕಾರ ಒಂದೇ ಲಾಗಿನ್‌ಗೆ ಇದ್ದುದರಿಂದ ಹಿಂದಿನ ರಾತ್ರಿಯೇ ಎಲ್ಲವನ್ನೂ ಒಂದು ಕಡೆಯಿಂದ ತಿದ್ದಿ ಮುಗಿಸಿದೆವು, ಬೆಳಿಗ್ಗೆ ನಾಲ್ಕು ಕೌಂಟರಿನಲ್ಲೂ ಒಂದೇ ದರವಿತ್ತು. ನಾನು ದಿನನಿತ್ಯ ಬಳಸುವ ಲಾಗಿನ್‌ಗೂ ಈ ಅಧಿಕಾರವಿಲ್ಲ. ಅದನ್ನು ಬೇರೆ ಪಿನ್ನಿನಲ್ಲಿ ಇಟ್ಟಿದ್ದೇನೆ.

ಈ ಪದ್ಧತಿ ಹಾಕಿಕೊಳ್ಳುವವರು ನೆಟ್‌ವರ್ಕ್ ಕಡಿದಾಗ ಏನಾಗುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ನಮ್ಮಲ್ಲಿ ಗಾಳಿಮಳೆಗೆ ಲೈನ್ ಹೋದರೆ ಕೌಂಟರುಗಳು ತಮ್ಮಲ್ಲಿ ಉಳಿದಿರುವ ಹಳೆಯ ಅಧಿಕಾರಪಟ್ಟಿಯ ಮೇಲೆಯೇ ನಡೆಯುತ್ತವೆ, ಆದ್ದರಿಂದ ಕೆಲಸ ಬಿಟ್ಟವರ ಪಿನ್ ಅಳಿಸಿದ ದಿನ ನಾಲ್ಕೂ ಕೌಂಟರುಗಳನ್ನು ಆಫ್ ಮಾಡಿ ಆನ್ ಮಾಡಿದ ನಂತರವೇ ನಾವು ಅಂಗಡಿಯ ಬಾಗಿಲು ಹಾಕುತ್ತೇವೆ.