ಫೈಬರ್ ಹಾಕೋರು ಬರೋ ಮುಂಚೆ ಜಾಗ ಗುರುತು ಮಾಡಿಟ್ಕೊಳ್ಳಿ

ನಮ್ದು ಮೈಸೂರು ಅಗ್ರಹಾರದ ಹಳೇ ಮನೆ, ಒಂದೂವರೆ ಅಡಿ ದಪ್ಪ ಗೋಡೆ. ಫೈಬರ್ ಇಂಟರ್ನೆಟ್ ಹಾಕೋಕ್ ಬಂದ ಹುಡುಗ ಬಾಗ್ಲು ಪಕ್ಕ ಚಪ್ಪಲಿ ಸ್ಟ್ಯಾಂಡ್ ಮೇಲೇ ವೈಫೈ ಬಾಕ್ಸ್ (ರೌಟರ್) ಕೂರ್ಸಿ ಹೋದ, ಅಡುಗೆಮನೆಗ್ ಹೋದ್ರೆ ವೈಫೈ ಸತ್ತೋಯ್ತು. ತಪ್ಪು ನಂದೇ ಬಿಡಿ, ಎಲ್ಲಿ ಬೇಕು ಅಂತ ನಾನೇ ಹೇಳಿರ್ಲಿಲ್ಲ.

ಮನೆ ನಡುಮಧ್ಯ, ಎದೆಮಟ್ಟಕ್ಕಿಂತ ಮೇಲೆ, ಪ್ಲಗ್ ಪಾಯಿಂಟ್ ಇರೋ ಜಾಗ ನೋಡಿ, ಕಬ್ಬಿಣದ ಬೀರು ಹಿಂದೆ ಮಾತ್ರ ಬೇಡ. ವೈಫೈ ಎರಡು ಬ್ಯಾಂಡಲ್ಲಿ ಬರತ್ತೆ, 5 ಗಿಗಾಹರ್ಟ್ಸ್‌ಗೆ ಸ್ಪೀಡ್ ಜಾಸ್ತಿ ಆದ್ರೆ ಇಂಥ ಗೋಡೆ ಮುಂದೆ ಸುಸ್ತಾಗತ್ತೆ, 2.4 ಸ್ವಲ್ಪ ಪರವಾಗಿಲ್ಲ.

ಫೈಬರ್ ಒಳಗಿರೋದು ಗಾಜು, ಮೂಲೇಲಿ ಚೂಪಾಗಿ ಮಡಿಸಿ ಮೊಳೆ ಹೊಡೆದ್ರೆ ಬೆಳಕು ಅಲ್ಲೇ ಸೋರ್ಹೋಗತ್ತೆ. ಮಿಕ್ಕಿದ್ದನ್ನ ಸುತ್ತಿಡೋದಾದ್ರೆ ಸುರುಳಿ ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗ್ಬಾರ್ದು. ಹಸಿರು ಕನೆಕ್ಟರ್ ಹಸಿರಿಗೇ ಹಾಕ್ಬೇಕು, ಅದರ ತುದಿ ಓರೆಯಾಗಿ ಉಜ್ಜಿರ್ತಾರೆ, ನೀಲಿಗೆ ಸರಿಯಾಗ್ ಕೂರಲ್ಲ. ಹುಡುಗ ಹೊರಡೋ ಮುಂಚೆ ಪವರ್ ಮೀಟರ್ (ಫೈಬರಲ್ಲಿ ಬೆಳಕು ಎಷ್ಟು ಬರ್ತಿದೆ ಅಂತ ಅಳೆಯೋದು) ರೀಡಿಂಗ್ ಕೇಳಿ ಬರ್ಕೊಳ್ಳಿ, ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ರೆ ನೆಮ್ಮದಿ, ಮೈನಸ್ 27 ಹತ್ರ ಬಂದ್ರೆ ಜಾಯಿಂಟ್ ಮತ್ತೆ ಮಾಡಿ ಅನ್ನಿ, ಸಂಕೋಚ ಬೇಡ.

ಅಪ್ಪಂಗೆ ಲ್ಯಾಂಡ್‌ಲೈನ್ ಬೇಕೇ ಬೇಕು. ಬಾಕ್ಸ್ ಹಿಂದೆ ಲ್ಯಾನ್ (ಕಂಪ್ಯೂಟರ್‌ಗೆ ನೆಟ್ ವೈರ್ ಹಾಕೋ) ತೂತಿಗಿಂತ ಚಿಕ್ಕದೊಂದು ಫೋನ್ ತೂತು ಇರತ್ತೆ, ಅಲ್ಲಿಂದ ಒಂದು ವೈರ್ ಎಳೆದು ಗೋಡೆ ಮೇಲಿನ ಹಳೇ ಫೋನ್ ಡಬ್ಬಿಗೆ ಕೊಟ್ರೆ ರೂಮಿನ ಎಕ್ಸ್‌ಟೆನ್ಶನ್ನೂ ರಿಂಗ್ ಆಗತ್ತೆ. ಆದ್ರೆ ಅದಕ್ಕೂ ಮುಂಚೆ ಕಂಬದಿಂದ ಬರೋ ಹಳೇ ತಾಮ್ರದ ಜೋಡಿ ವೈರ್ ಬಿಚ್ಚಲೇಬೇಕು, ಆ ಲೈನಲ್ಲಿ ಇನ್ನೂ 48 ವೋಲ್ಟ್ ಇದ್ರೆ ಬಾಕ್ಸಿನ ಪೋರ್ಟ್ ಸುಟ್ಟೋಗ್ಬಹುದು. ಇನ್ನೊಂದು, ಹಳೇ ಫೋನಿಗೆ ಎಕ್ಸ್‌ಚೇಂಜಿಂದಾನೇ ಕರೆಂಟ್ ಬರ್ತಿತ್ತು, ಇದಕ್ಕೆ ಹಂಗಲ್ಲ, ಮನೇಲಿ ಕರೆಂಟ್ ಹೋದ್ರೆ ಫೋನೂ ಹೋಯ್ತು. ಬಾಕ್ಸ್ 12 ವೋಲ್ಟಿಂದಾದ್ರೆ ರೌಟರ್‌ಗೇ ಅಂತ ಬರೋ ಪುಟಾಣಿ ಯುಪಿಎಸ್ ಸಾಕು.

ಮಹಡಿಗೆ ಲ್ಯಾನ್ ಎಳೆಯೋದಾದ್ರೆ ಪೂರ್ತಿ ತಾಮ್ರದ ಕ್ಯಾಟ್ 6 ಲ್ಯಾನ್ ಕೇಬಲ್ ತಗೊಳ್ಳಿ, ಅಲ್ಯುಮಿನಿಯಂಗೆ ತಾಮ್ರ ಬಳಿದಿರೋದು ಅಗ್ಗ ಅಂತ ತಗೋಬೇಡಿ. ಕರೆಂಟ್ ವೈರ್ ಇರೋ ಪೈಪಲ್ಲಿ ತೂರಿಸ್ಬೇಡಿ. ಕನೆಕ್ಟರ್ ಒಳಗೆ ಎಂಟು ಎಳೆಗಳ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಎರಡೂ ತುದೀಲಿ ಹಿಂಗೇ.

300 ಎಂಬಿಪಿಎಸ್ ಪ್ಲಾನ್ ಇದ್ದೂ ಲ್ಯಾನಲ್ಲಿ ಸ್ಪೀಡ್ ಟೆಸ್ಟ್ 94ಕ್ಕೇ ನಿಂತ್ರೆ ಕಂಪ್ಲೇಂಟ್ ಕೊಡೋಕ್ ಮುಂಚೆ ತುದಿ ನೋಡಿ. ಗಿಗಾಬಿಟ್ (1000 ಎಂಬಿಪಿಎಸ್) ಲಿಂಕ್‌ಗೆ ಎಂಟು ಎಳೇನೂ ಬೇಕು, ನೀಲಿ ಇಲ್ಲಾ ಕಂದು ಜೋಡೀಲಿ ಒಂದು ತಾಗದಿದ್ರೂ 100ಕ್ಕೆ ಇಳಿಯಬಹುದು. ನಂದ್ರಲ್ಲಿ ನೀಲಿ ಎಳೆ ಕನೆಕ್ಟರ್ ಒಳಗೆ ಅಕ್ಕಿಕಾಳಷ್ಟು ಗಿಡ್ಡ ಇತ್ತು, ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ್ಮೇಲೆ (ಕನೆಕ್ಟರ್ ಒತ್ತಿ ಕೂರ್ಸಿದ್ಮೇಲೆ) 290 ಬಂತು.