ಕ್ಯಾರವಾನ್ ಹಾಸಿಗೆಗೆ ಅಳತೆ ತೆಗೆಯುವುದು: ನನ್ನ ಅನುಭವ

ಇಲ್ಲಿ ಇಂಗ್ಲೆಂಡಿನಲ್ಲಿ ಹಳೇ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ, ಕೊಳ್ಳುವವರು ಮೊದಲು ಟೈರು ನೋಡ್ತಾರೆ, ಆಮೇಲೆ ಒಳಗೆ ನೀರು ಇಳಿದಿದೆಯಾ ಅಂತ ಗೋಡೆ ಒತ್ತಿ ನೋಡ್ತಾರೆ. ಹಾಸಿಗೆ ನೆನಪಾಗುವುದು ಸೊಂಟ ಹಿಡಿದ ಮೇಲೆ. ನಮ್ಮ ಕ್ಯಾರವಾನಿನದ್ದು ಹಿಂದಿನ ಮಾಲೀಕರ ಕಾಲದ ಹಾಸಿಗೆ. ನಡುವೆ ಹಳ್ಳ ಬಿದ್ದು, ರಾತ್ರಿಯಿಡೀ ಇಬ್ಬರೂ ಅದೇ ಹಳ್ಳಕ್ಕೆ ಜಾರುತ್ತಿದ್ದೆವು. ಅಂಗಡಿಯಿಂದ ಒಂದು ಡಬಲ್ ತಂದು ಹಾಕಿದರಾಯಿತಲ್ಲ ಅಂತ ಗೊತ್ತಿದ್ದವರೆಲ್ಲ ಹೇಳಿದರು. ಅಷ್ಟು ಸುಲಭ ಇಲ್ಲ.

ಊರಲ್ಲಾದರೆ ಇಂಚಿನ ಲೆಕ್ಕ. 75ಕ್ಕೆ 48, 78ಕ್ಕೆ 60 ಅಂತ ಹೇಳಿದರೆ ಸಾಕು, ಬೇರೆ ಅಳತೆ ಬೇಕಂದರೂ ಮಾಡಿಕೊಡ್ತಾರೆ. ಇಲ್ಲಿನ ಅಂಗಡಿಗಳಲ್ಲಿ ಸಿಂಗಲ್ ಅಂದರೆ 90ಕ್ಕೆ 190 ಸೆಂ.ಮೀ., ಸ್ಮಾಲ್ ಡಬಲ್ 120ಕ್ಕೆ 190, ಡಬಲ್ 135ಕ್ಕೆ 190, ಕಿಂಗ್ 150ಕ್ಕೆ 200. ಕ್ಯಾರವಾನ್ ಮಾಡುವವರಿಗೆ ಈ ಅಳತೆಗಳ ಹಂಗಿಲ್ಲ. ಅವರು ಮೊದಲು ಬಚ್ಚಲು, ಅಡುಗೆ ಕಟ್ಟೆ, ಬೀರು ಎಲ್ಲ ಕೂರಿಸಿ, ಉಳಿದ ಜಾಗಕ್ಕೆ ಮಂಚ ಇಟ್ಟ ಹಾಗೆ ಕಾಣುತ್ತೆ. ಕಾಗದದಲ್ಲಿ ಡಬಲ್ ಅಂತ ಇದ್ದರೂ ನಮ್ಮ ಮಂಚ ಇದ್ದದ್ದು 186 ಉದ್ದ, 131 ಅಗಲ. ನಾಲ್ಕು ಸೆಂಟಿಮೀಟರ್ ತಾನೇ, ಒತ್ತಿ ಕೂರಿಸಿದರಾಯಿತು ಅನ್ನಬೇಡಿ. ಮೂರು ಕಡೆ ಗೋಡೆ ಇರುವಲ್ಲಿ ಒತ್ತಿ ಕೂರಿಸಿದ ಹಾಸಿಗೆ ನಡುವೆ ಉಬ್ಬಿ ನಿಲ್ಲುತ್ತೆ.

ಆಕಾರ ಇನ್ನೊಂದು ತಲೆನೋವು. ನಮ್ಮದು ಇಲ್ಲಿಯವರು ಫ್ರೆಂಚ್ ಬೆಡ್ ಅನ್ನುವ ನಮೂನೆ. ಮಂಚ ಹಿಂದಿನ ಮೂಲೆಗೆ ಸೇರಿಕೊಂಡಿರುತ್ತೆ, ಕಾಲ್ದೆಸೆಯ ಹೊರ ಮೂಲೆಯನ್ನು ಓರೆಯಾಗಿ ಕತ್ತರಿಸಿರ್ತಾರೆ, ಇಲ್ಲದಿದ್ದರೆ ರಾತ್ರಿ ಬಚ್ಚಲಿಗೆ ಹೋಗುವವರ ತೊಡೆಗೆ ಬಡಿಯುತ್ತೆ. ಮಂಚ ನಡುವೆ ಇದ್ದು ಎರಡೂ ಕಡೆ ಓಡಾಡುವ ಜಾಗ ಇರುವ ಕ್ಯಾರವಾನ್‌ಗಳಲ್ಲಿ ಕಾಲ್ದೆಸೆಯ ಎರಡೂ ಮೂಲೆ ದುಂಡಗಿರುವುದೇ ಜಾಸ್ತಿ. ಒಂದೇ ಕಂಪನಿಯ ಒಂದೇ ಹೆಸರಿನ ಮಾಡೆಲ್ಲಿನಲ್ಲೂ ವರ್ಷದಿಂದ ವರ್ಷಕ್ಕೆ ಮೂಲೆ ಕತ್ತರಿಸುವ ರೀತಿ ಬದಲಾಗಬಹುದು. ಅದಕ್ಕೇ ಮಾಡೆಲ್ ಹೆಸರು ಹೇಳಿ ಆರ್ಡರ್ ಮಾಡುವ ದಾರಿಯನ್ನು ನಾನು ನಂಬಲಿಲ್ಲ.

ಹಳೇ ಹಾಸಿಗೆಯನ್ನೇ ಅಳೆದು ಕೊಟ್ಟುಬಿಡಬಹುದಲ್ಲ ಅನಿಸುತ್ತೆ, ದರ್ಜಿಗೆ ಅಳತೆ ರವಿಕೆ ಕೊಟ್ಟ ಹಾಗೆ. ಆದರೆ ವರ್ಷಗಟ್ಟಲೆ ಮಲಗಿದ ಫೋಮು ಅಂಚಿನಲ್ಲಿ ಕುಸಿದು ಹೊರಗೆ ಚಾಚಿರುತ್ತೆ, ಮೇಲಿನ ಬಟ್ಟೆ ಸಡಿಲಾಗಿರುತ್ತೆ. ನಮ್ಮ ಹಳೇ ಹಾಸಿಗೆಯನ್ನು ಹೊರಗೆ ಹುಲ್ಲಿನ ಮೇಲೆ ಹಾಸಿ ಟೇಪು ಹಿಡಿದರೆ ಒಂದು ಕಡೆ 187, ಒಂದು ಗೇಣು ಪಕ್ಕದಲ್ಲಿ 189. ಹಾಗಾಗಿ ಅಳೆಯಬೇಕಾದದ್ದು ಹಾಸಿಗೆಯನ್ನಲ್ಲ, ಅದರ ಕೆಳಗಿನ ಮಂಚವನ್ನು.

ನಾನು ಮಾಡಿದ್ದು ಹೀಗೆ. ಹಾಸಿಗೆ ತೆಗೆದು ಮರದ ಪಟ್ಟಿಗಳ ಮೇಲೆ ಕಾಗದ ಹಾಸಿದೆ. ನ್ಯೂಸ್ ಪೇಪರ್ ಬೇಡ, ಹರಿಯುತ್ತೆ, ಅಂಟಿಸಿದಲ್ಲೆಲ್ಲ ಸುಕ್ಕಾಗುತ್ತೆ. ಗೋಡೆಗೆ ಪೇಂಟ್ ಹೊಡೆಯುವ ಮೊದಲು ಅಂಟಿಸುವ ಲೈನಿಂಗ್ ಪೇಪರ್ ಸುರುಳಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತೆ, ಅಗಲ 56 ಸೆಂ.ಮೀ., ಉದ್ದ 10 ಮೀಟರ್. ಮೂರು ಉದ್ದ ಪಟ್ಟಿ ಒಂದರ ಮೇಲೊಂದು ಅಂಚು ಬರುವಂತೆ ಹಾಸಿ ಟೇಪು ಹಾಕಿದರೆ ಇಡೀ ಮಂಚ ಮುಚ್ಚಿತು, ಇನ್ನೂ ಸುರುಳಿಯಲ್ಲಿ ಕಾಗದ ಉಳಿಯಿತು. ಗೋಡೆ ಮುಟ್ಟುವ ಕಡೆ ಬೆರಳಲ್ಲಿ ಒತ್ತಿ ಮಡಿಕೆ ಮೂಡಿಸಿದೆ, ಆ ಮಡಿಕೆಯ ಮೇಲೆ ಪೆನ್ಸಿಲ್ ಎಳೆದೆ. ಕತ್ತರಿಸಿದ ಮೂಲೆಯ ಗುರುತು ಹಾಕುವಾಗ ನಮ್ಮನೆಯವರು ಕೆಳಗೆ ಕೂತು ಟಾರ್ಚ್ ಹಿಡಿದಿದ್ದರು. "ರೀ, ಗೋಡೆ ಕಡೆ ಒಂದು ಬೆರಳು ಜಾಗ ಬಿಡಿ, ಇಲ್ಲಾಂದ್ರೆ ಹಾಸು ಎಲ್ಲಿ ಸಿಕ್ಕಿಸ್ಲಿ?" ಅಂದರು. ಸರಿಯಾದ ಮಾತು. ಗೋಡೆ ಇರುವ ಕಡೆಯೆಲ್ಲ ಒಂದೊಂದು ಸೆಂಟಿಮೀಟರ್ ಕಳೆದೆವು.

ಮೂಲೆ ಸರಿಯಾಗಿದೆಯಾ ಅಂತ ನೋಡುವುದಕ್ಕೆ ಶಾಲೆಯ ಲೆಕ್ಕ ಸಾಕು. ಮಂಚದ ಹೊರ ಮಗ್ಗುಲು 138ರವರೆಗೆ ನೇರ ಬಂದು ಒಳಕ್ಕೆ ತಿರುಗುತ್ತೆ, ಕಾಲ್ದೆಸೆಯ ನೇರ ಭಾಗ 84. ಅಂದರೆ ಕತ್ತರಿಸಿದ ತುಂಡು ಉದ್ದಕ್ಕೆ 48, ಅಗಲಕ್ಕೆ 47. ಪೈಥಾಗೊರಸ್ ಪ್ರಕಾರ ಓರೆ ಗೆರೆ 67 ಚಿಲ್ಲರೆ ಬರಬೇಕು. ಟೇಪು ಹಿಡಿದರೆ 67 ಬಂತು. ಬರದಿದ್ದರೆ ಎಲ್ಲೋ ಒಂದು ಗೋಡೆ ವಾರೆ ಇದೆ ಅಂತ ಅರ್ಥ, ಕ್ಯಾರವಾನ್‌ಗಳಲ್ಲಿ ಅದೇನೂ ಅಪರೂಪ ಅಲ್ಲ.

ಇನ್ನೊಂದು ಅಳತೆ ತುಂಬ ಜನ ಬಿಟ್ಟುಬಿಡ್ತಾರೆ. ಮಂಚದ ಮಟ್ಟದಲ್ಲಿ ಅಳೆದ ಅಗಲವೇ ಹಾಸಿಗೆಯ ಮೇಲ್ಮಟ್ಟದಲ್ಲೂ ಇರಬೇಕಂತಿಲ್ಲ. ಗೋಡೆ ಸ್ವಲ್ಪ ಬಾಗಿರಬಹುದು, ಅಥವಾ ಕಿಟಕಿ ಕೆಳಗೆ ಒಂದು ಪ್ಲಾಸ್ಟಿಕ್ ಅಂಚು ಮುಂದೆ ಬಂದಿರಬಹುದು. ಹಾಗಾಗಿ ತಳದಿಂದ 15 ಸೆಂ.ಮೀ. ಮೇಲೆ ಇನ್ನೊಂದು ಸಲ ಟೇಪು ಹಿಡಿಯಿರಿ.

ದಪ್ಪದ ವಿಷಯದಲ್ಲಿ ಆಸೆ ಪಡಬಾರದು. ಮನೆಯ ಹಾಸಿಗೆ 25 ಸೆಂ.ಮೀ. ಇರುತ್ತೆ, ಅದೇ ಸುಖ ಇಲ್ಲೂ ಬೇಕು ಅನಿಸುತ್ತೆ. ಕ್ಯಾರವಾನಿನಲ್ಲಿ ದಪ್ಪ ಹೆಚ್ಚಾದಷ್ಟೂ ತಲೆ ಮೇಲಿನ ಕಪಾಟಿಗೆ ಹತ್ತಿರವಾಗುತ್ತೆ, ಎದ್ದು ಕೂತರೆ ಢಬ್ ಅಂತ ಬಡಿಯುತ್ತೆ. ಕಿಟಕಿಯ ಪರದೆ ಕೆಳಗೆ ಇಳಿಯಲ್ಲ. ಎಲ್ಲಕ್ಕಿಂತ ಮುಖ್ಯ ತೂಕ. ಮಂಚದ ಕೆಳಗೆ ಸಾಮಾನು ಇಡುವ ಜಾಗ ಇದೆಯಲ್ಲ, ಮಂಚ ಎತ್ತಿದರೆ ಅದನ್ನು ಹಿಡಿದು ನಿಲ್ಲಿಸುವುದು ಗ್ಯಾಸ್ ತುಂಬಿದ ಎರಡು ಕಂಬಿ. ಆ ಕಂಬಿಗಳ ಶಕ್ತಿಯನ್ನು ಹಳೇ ಹಾಸಿಗೆಯ ತೂಕ ನೋಡಿ ಆರಿಸಿರ್ತಾರೆ. ಭಾರದ ಹಾಸಿಗೆ ಹಾಕಿದರೆ ನೀವು ಒಳಗೆ ಬಗ್ಗಿ ಅಕ್ಕಿ ಚೀಲ ಹುಡುಕುವಾಗ ಮಂಚ ಬೆನ್ನ ಮೇಲೆ ಇಳಿಯುತ್ತೆ.

ಜೊತೆಗೆ ಎಳೆಯುವ ಗಾಡಿಯ ಲೆಕ್ಕ. ಕ್ಯಾರವಾನಿನ ಗರಿಷ್ಠ ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವಷ್ಟೇ ನಾವು ತುಂಬಬಹುದು, ನಮ್ಮದರಲ್ಲಿ ಅದು ಸುಮಾರು 150 ಕೆ.ಜಿ. ಹೊರಗಿನ ಚಪ್ಪರ, ಕುರ್ಚಿ, ಬಟ್ಟೆ, ಪಾತ್ರೆ ಎಲ್ಲ ಅದರಲ್ಲೇ, ನಮ್ಮಂಥವರಿಗಾದರೆ ಕುಕ್ಕರ್ ಮತ್ತು ರಾಗಿ ಹಿಟ್ಟೂ ಸೇರಿಸಿ. ಫೋಮಿನ ತೂಕ ಮನೆಯಲ್ಲೇ ಲೆಕ್ಕ ಹಾಕಬಹುದು. ನಮ್ಮ ಮಂಚದ ವಿಸ್ತೀರ್ಣ 2.3 ಚದರ ಮೀಟರ್. ಘನ ಮೀಟರಿಗೆ 40 ಕೆ.ಜಿ. ಸಾಂದ್ರತೆಯ ಫೋಮು 15 ಸೆಂ.ಮೀ. ದಪ್ಪಕ್ಕೆ ಹೆಚ್ಚುಕಡಿಮೆ 14 ಕೆ.ಜಿ., 20 ಸೆಂ.ಮೀ. ದಪ್ಪಕ್ಕೆ 18ರ ಮೇಲೆ. ಸ್ಪ್ರಿಂಗ್ ಇದ್ದರೆ ಇನ್ನೂ ಜಾಸ್ತಿ. ನಮ್ಮ ಮಂಚ ಚಕ್ರದ ಅಚ್ಚಿನ ಹಿಂದೆ, ಕ್ಯಾರವಾನಿನ ಬಾಲದ ತುದಿಯಲ್ಲಿದೆ. ಅಲ್ಲಿ ಭಾರ ಹೆಚ್ಚಾದರೆ ಕಾರಿಗೆ ಸಿಕ್ಕಿಸುವ ಮೂತಿ ಹಗುರಾಗುತ್ತೆ, ಮೂತಿ ಹಗುರಾದರೆ ಮೋಟರ್‌ವೇನಲ್ಲಿ ಲಾರಿ ಪಕ್ಕದಲ್ಲಿ ಹೋದಾಗ ಗಾಡಿ ಹಾವಿನ ಥರ ಹೊರಳಲು ಶುರು ಮಾಡುತ್ತೆ. ಹಾಸಿಗೆ ಒಂದರಿಂದಲೇ ಹಾಗಾಗಲ್ಲ ಬಿಡಿ, ಆದರೆ ಸುಮ್ನೆ ಯಾಕೆ ಆ ಕಡೆ ತೂಕ ಸೇರಿಸಬೇಕು? ನಾವು 15 ಸೆಂ.ಮೀ.ಗೆ ನಿಲ್ಲಿಸಿದೆವು.

ಮೆಮೊರಿ ಫೋಮ್ ಬೇಡ ಅಂದದ್ದು ನಾನು. ಅದು ಮೈ ಬಿಸಿಗೆ ಮೆತ್ತಗಾಗುವ ಜಾತಿ, ಚಳಿಗೆ ಗಟ್ಟಿಯಾಗುತ್ತೆ. ಏಪ್ರಿಲ್‌ನಲ್ಲಿ ಉತ್ತರದ ಬೆಟ್ಟ ಸೀಮೆ ಲೇಕ್ ಡಿಸ್ಟ್ರಿಕ್ಟ್ ಕಡೆ ಹೋಗಿ, ಹೀಟರ್ ಹಾಕುವ ಮೊದಲು ಅದರ ಮೇಲೆ ಬಿದ್ದುಕೊಂಡರೆ ಹಲಗೆ. ಸಾಧಾರಣ ಒಳ್ಳೇ ಫೋಮು ಸಾಕು. ಸ್ಪ್ರಿಂಗ್ ಹಾಸಿಗೆಯನ್ನು ಮನೆಯಲ್ಲಿ ಕತ್ತರಿಸುವ ಹಾಗಿಲ್ಲ. ಫೋಮಾದರೆ ಬ್ರೆಡ್ ಚಾಕುವಿನಲ್ಲೂ ಕತ್ತರಿಸಬಹುದು. ಸ್ಟ್ಯಾಂಡರ್ಡ್ ಡಬಲ್ ತಂದು ನಾವೇ ಕತ್ತರಿಸೋಣವಾ ಅಂತಲೂ ಯೋಚಿಸಿದ್ದೆ, ಖರ್ಚು ಕಡಿಮೆ. ಆದರೆ ಮೇಲಿನ ಕವರನ್ನು ಮತ್ತೆ ಹೊಲಿಸಬೇಕು. ಯಾರ ಕೈಯಿಂದಲೋ ಬಿಡಿ ಫೋಮು ತರುವುದಾದರೆ, ಅದು ಇಲ್ಲಿನ 1988ರ ಬೆಂಕಿ ಸುರಕ್ಷತೆ ನಿಯಮಕ್ಕೆ ಒಪ್ಪುವ ಫೋಮಾ ಅಂತ ಮೊದಲು ನೋಡಬೇಕು. ಗ್ಯಾಸ್ ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ಮಲಗುವವರು ಇದರಲ್ಲಿ ಜುಗ್ಗತನ ಮಾಡಬಾರದು. ಕೊನೆಗೆ ಕ್ಯಾರವಾನ್ ಹಾಸಿಗೆಯನ್ನೇ ಮಾಡುವವರ ಹತ್ತಿರ ಹೋದೆವು.

ಆರ್ಡರ್ ಕೊಡುವಾಗ ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಎಡ ಬಲದ ವಿಷಯದಲ್ಲಿ. ಕತ್ತರಿಸಿದ ಮೂಲೆ ಎಡಕ್ಕಾ, ಬಲಕ್ಕಾ ಅಂತ ಕೇಳ್ತಾರೆ. ಕೆಲವರ ಲೆಕ್ಕ ಕಾಲ್ದೆಸೆಯಲ್ಲಿ ನಿಂತು ದಿಂಬಿನ ಕಡೆ ನೋಡಿದಾಗಿನದ್ದು, ಕೆಲವರದ್ದು ಅಂಗಾತ ಮಲಗಿದಾಗಿನದ್ದು. ಎರಡೂ ತದ್ವಿರುದ್ಧ. ಹಾಸಿಗೆಯ ಎರಡೂ ಮುಖ ಒಂದೇ ಥರ ಇದ್ದರೆ ಮಗುಚಿ ಹಾಕಬಹುದು, ಈಗಿನವು ಮೇಲೊಂದು ಪದರ ಕೆಳಗೊಂದು ಪದರ, ಮಗುಚಿದರೆ ಕೆಟ್ಟಿತು. ಅದಕ್ಕೇ ಬಾಯಲ್ಲಿ ಹೇಳದೆ ಕಾಗದದ ಅಚ್ಚನ್ನೇ ಕಳಿಸಿದೆ. ಅದರ ಮೇಲ್ಮುಖದಲ್ಲಿ ದಿಂಬು ಎಲ್ಲಿ, ಕಿಟಕಿ ಎಲ್ಲಿ, ಬಚ್ಚಲ ಬಾಗಿಲು ಎಲ್ಲಿ ಅಂತ ದಪ್ಪ ಮಾರ್ಕರಿನಲ್ಲಿ ಬರೆದಿದ್ದೆ. ಕೊಟ್ಟ ಅಳತೆ ಬರೀ ಫೋಮಿನದ್ದಾ, ಕವರ್ ಹಾಕಿದ ಮೇಲಿನದ್ದಾ ಅಂತಲೂ ಕೇಳಿದೆ. ಕತ್ತರಿಸುವ ಮೊದಲು ಅವರ ನಕ್ಷೆ ವಾಪಸ್ ಕಳಿಸಿ ಅಂದೆ. ಇಷ್ಟು ಪೀಡಿಸಿದ್ದಕ್ಕೆ ಕಾರಣ ಇದೆ: ಆನ್‌ಲೈನಲ್ಲಿ ಕೊಂಡದ್ದನ್ನು 14 ದಿನದೊಳಗೆ ವಾಪಸ್ ಮಾಡುವ ಹಕ್ಕು ಇಲ್ಲಿದೆ, ಆದರೆ ನಮ್ಮ ಅಳತೆಗೇ ಮಾಡಿಸಿದ ವಸ್ತುವಿಗೆ ಅದು ಅನ್ವಯಿಸಲ್ಲ.

ಹಾಸಿಗೆ ಗಾಳಿ ತೆಗೆದು ಸುರುಳಿ ಸುತ್ತಿ ಬಂತು. ಕ್ಯಾರವಾನಿನ ಬಾಗಿಲು ಎಷ್ಟು ಕಿರಿದು ಅಂತ ಗೊತ್ತಲ್ಲ, ಹಾಗೆ ಬಂದದ್ದೇ ಒಳ್ಳೆಯದಾಯಿತು. ಸುರುಳಿಯನ್ನು ಮಂಚದ ಮೇಲೇ ಬಿಚ್ಚಿ, ಪೂರ್ತಿ ಉಬ್ಬುವ ತನಕ ಕಿಟಕಿ ತೆರೆದಿಟ್ಟೆವು. ಕೆಳಗೆ ಗಾಳಿಯಾಡುವ ಒಂದು ಜಾಲರಿ ಹಾಳೆ ಹಾಕಿದ್ದೇವೆ, ಇಲ್ಲದಿದ್ದರೆ ಇಬ್ಬರ ಉಸಿರಿನ ತೇವ ರಾತ್ರಿ ಹಾಸಿಗೆಯ ತಳದಲ್ಲಿ ಸೇರಿ ಬೂಷ್ಟು ಹಿಡಿಯುತ್ತೆ. ಚಳಿಗಾಲದಲ್ಲಿ ಗಾಡಿ ನಿಲ್ಲಿಸಿದಾಗ ಹಾಸಿಗೆಯನ್ನು ಮಗ್ಗುಲಿಗೆ ಎಬ್ಬಿಸಿ ನಿಲ್ಲಿಸ್ತೇವೆ.

ಈ ಆಕಾರಕ್ಕೇ ಹೊಲಿದ ಹಾಸು ಸಿಗುತ್ತೆ, ಬೆಲೆ ಕೇಳಿದರೆ ಬೇಡ ಅನಿಸುತ್ತೆ. ಮಾಮೂಲಿ ಡಬಲ್ ಎಲಾಸ್ಟಿಕ್ ಹಾಸು ಹಾಕಿ, ಕತ್ತರಿಸಿದ ಮೂಲೆಯಲ್ಲಿ ಉಳಿದ ಬಟ್ಟೆಯನ್ನು ಮಡಚಿ ಕೆಳಗೆ ಎರಡು ಪಿನ್ನು ಹಾಕಿದರೆ ಸಾಕು.